ಅಡಿಕೆ ಕಣದಲ್ಲಿ ಅರ್ಧ ಹೊಡೆತ

2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ಚನ್ನಗಿರಿಯಲ್ಲಿ ಮನೆಮನೆಗೂ ಗಾಲ್ಫ್ ಪಂಡಿತರು ಹುಟ್ಟಿಕೊಂಡರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್, ವಿಶ್ವ ಕ್ರಮಾಂಕದಲ್ಲಿ 200ನೆಯವಳು, ತಾಯಿಯ ಹೆಗಲಿಗೆ ಕೋಲುಗಳ ಚೀಲ ಹೊರಿಸಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಬಾಗಿಲು ಬಡಿಯುತ್ತಿದ್ದಳು. ಒಂದೇ ಒಂದು ಹೊಡೆತಕ್ಕೆ ಕಂಚು ಕೈತಪ್ಪಿ ನಾಲ್ಕನೆಯವಳಾದಳು. ‘ಬರ್ಡಿ ಅಂದ್ರೆ ಒಳ್ಳೇದೋ ಕೆಟ್ಟದ್ದೋ’ ಎಂದು ಕೇಳುತ್ತಲೇ ಟಿವಿ ನೋಡಿದವರೆಲ್ಲ ಸಂಜೆಗೆ ಕ್ರಿಕೆಟ್ಟಿಗೆ ವಾಪಸಾದರು. ನಾನು ಮಾತ್ರ ಗಾಲ್ಫಿನಲ್ಲೇ ಉಳಿದುಬಿಟ್ಟೆ.

ನಮ್ಮ ಸುತ್ತಮುತ್ತ ನಾನು ಗಾಲ್ಫ್ ಮೈದಾನ ಕಂಡಿಲ್ಲ. ಜಗಳೂರಿನ ಭಾವಮೈದ, ‘ನಮ್ಮ ಹೊಲಕ್ಕೇ ಬರ್‍ರಿ ಭಾವ, ಬೇಸಿಗ್ಯಾಗೆ ಎಲ್ಲಾ ಬಂಕರೇ’ ಎಂದು ಕರೆದ. ನ್ಯಾಮತಿಯ ಗೆಳೆಯರೊಬ್ಬರು, ಹುಲ್ಲಿಗೆ ನೀರು ಹರಿಸುವ ಶ್ರೀಮಂತರ ಚಟ ನಿಮಗ್ಯಾಕೆ ಎಂದು ಉಪದೇಶ ಮಾಡಿದರು. ತಾವು ಮಾತ್ರ ದಿನಾ ಬೆಳಿಗ್ಗೆ ಪೈಪು ಹಿಡಿದು ಕಾರು ತೊಳೆಯುತ್ತಾರೆ. ನನಗೆ ಹುಲ್ಲಿನ ಗೊಡವೆಯೇ ಬೇಕಿರಲಿಲ್ಲ. ಅಡಿಕೆ ಕಣವಿತ್ತು, ಸಗಣಿ ಸಾರಿಸಿ ನುಣ್ಣಗಾಗಿತ್ತು. ಮೂಲೆಯಲ್ಲಿ ಕಾಫಿಪುಡಿ ಡಬ್ಬಿಯೊಂದನ್ನು ಹೂತೆ. ಕುಳಿಯ ಬಾಯಿ 108 ಮಿಲಿಮೀಟರ್ ಇರಬೇಕೆಂಬುದು ನಿಯಮ. ಡಬ್ಬಿ ತುಸು ಉದಾರವಾಗಿತ್ತು. ಬೆಂಗಳೂರಿನ ಅಣ್ಣನ ಮಗ ಬೇಡವೆಂದು ಬಿಸಾಡಿದ ಪಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲು, ನನ್ನ ಏಕೈಕ ಆಯುಧ.

ಆಡಿದರೆ ಸಾಲದು, ಅಂಕಿ ಅಂಶವೂ ಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಎಂಬ ಪ್ರಾಧ್ಯಾಪಕರು ‘ಸ್ಟ್ರೋಕ್ಸ್ ಗೇನ್ಡ್’ ಎಂಬ ಲೆಕ್ಕ ಕಟ್ಟಿದ್ದಾರೆ. ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಮೊದಲು ಪಟ್ಟಿಂಗಿಗೆ ಅದನ್ನು ಅಳವಡಿಸಿತು. ಎಂಟು ಅಡಿಯಿಂದ ಅಲ್ಲಿನ ವೃತ್ತಿಪರರೂ ಒಂದೇ ಏಟಿಗೆ ಚೆಂಡನ್ನು ಕುಳಿಗೆ ಬೀಳಿಸುವುದು ಸುಮಾರು ಅರ್ಧದಷ್ಟು ಸಲ ಮಾತ್ರ. ಅಂದರೆ ಸರಾಸರಿ ಒಂದೂವರೆ ಹೊಡೆತ. ನೀವು ಒಂದರಲ್ಲೇ ಮುಗಿಸಿದರೆ ಅರ್ಧ ಹೊಡೆತ ಗಳಿಕೆ. ಎರಡು ತಗೊಂಡರೆ ಅರ್ಧ ನಷ್ಟ. ಅದೇ ಬ್ರಾಡಿ ಇನ್ನೊಂದು ಮಾತನ್ನೂ ತೋರಿಸಿಕೊಟ್ಟಿದ್ದಾರೆ: ಅತ್ಯುತ್ತಮ ಆಟಗಾರರ ಮೇಲುಗೈಯಲ್ಲಿ ಪಟ್ಟಿಂಗಿನ ಪಾಲು ಸುಮಾರು ಶೇ 15 ಅಷ್ಟೇ, ಸಿಂಹಪಾಲು ದೂರದ ಹೊಡೆತಗಳದ್ದು. ದೂರ ಹೊಡೆಯುವ ಕೋಲೇ ನನ್ನಲ್ಲಿಲ್ಲದ ಕಾರಣ ಆ ಅಧ್ಯಾಯವನ್ನು ಹಾರಿಸಿ, ಶೇ 15ರಲ್ಲಿ ಪಾರಂಗತನಾಗಲು ಹೊರಟೆ.

ಈ ಲೆಕ್ಕ ಊರಲ್ಲಿ ಯಾರಿಗೂ ತಿಳಿಯಲಿಲ್ಲ, ಸುಗ್ಗಿಗೆಂದು ನಮ್ಮ ಕಣ ಬಾಡಿಗೆ ಹಿಡಿದಿದ್ದ ಹೊನ್ನಾಳಿ ಕಡೆಯ ಖೇಣಿದಾರನೊಬ್ಬನನ್ನು ಬಿಟ್ಟು. ‘ಇದರಾಗೇನೈತಿ ಮೇಷ್ಟ್ರೇ? ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ಕೊಡ್ತೀನಂತ ಮಾತಾಡಿರ್ತೀವಿ. ಅದಕ್ಕಿಂತ ಹೆಚ್ಚು ಬಂದರೆ ನಮಗೆ, ಕಮ್ಮಿ ಬಂದರೆ ನಮ್ಮ ತಲಿಮ್ಯಾಲೆ’ ಎಂದ. ಅಮೆರಿಕದವರು ಕಂಪ್ಯೂಟರ್ ಇಟ್ಟುಕೊಂಡು ಕಂಡದ್ದನ್ನು ಈತ ತಕ್ಕಡಿ ಹಿಡಿದೇ ಕಂಡಿದ್ದ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 2024ರ ಬೇಸಿಗೆಯ ಮಾತು ತೆಗೆದ. ಭದ್ರಾ ನಾಲೆಯ ಕೊನೆಭಾಗದ ತೋಟದವರು ಸಾಲ ಮಾಡಿ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಂಡ ವರ್ಷ ಅದು. ‘ಬಂದ ಬೆಳೆ ತೂಕಕ್ಕೆ ಹಾಕಬಹುದು. ಸಾಯಲಿಲ್ಲ ಅನ್ನೋದನ್ನ ಯಾವ ಲೆಕ್ಕಕ್ಕೆ ಬರ್ಕೊಳ್ಳೋದ್ರಿ?’ ಎಂದ. ಪುಸ್ತಕ ತಿರುವಿದೆ. ಬ್ರಾಡಿಯವರಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಇನ್ನು ನನ್ನ ಆ ದಿನದ ಪಟ್. ಕಣದ ಒಂದು ಬದಿಗೆ ಅಡಿಕೆ ಹರಡಿತ್ತು, ಹಂಡೆ ಕುದಿಯುತ್ತಿತ್ತು, ಸುಲಿಯುವ ಹೆಂಗಸರು ಸಾಲಾಗಿ ಕೂತಿದ್ದರು. ಚೊಗರಿನಲ್ಲಿ ಮಿಂದೆದ್ದ ನನ್ನ ಚೆಂಡು ಆಗಲೇ ಕೆಂಪಾಗಿ, ಅಡಿಕೆಯ ದೊಡ್ಡಣ್ಣನಂತೆ ಕಾಣುತ್ತಿತ್ತು. ಎಂಟು ಅಡಿ ಅಳೆದು, ಅದಿತಿಯನ್ನು ನೆನೆದು, ತಟ್ಟಿದೆ. ಉರುಳಿತು. ಇಳಿಜಾರಿಗೆ ತಿರುಗಿತು. ಡಬ್ಬಿಯ ಅಂಚಿಗೆ ಬಂದು, ಅರ್ಧ ಒಳಗೆ ಅರ್ಧ ಹೊರಗೆ, ನಿಂತಿತು.

ಗಾಲ್ಫಿನಲ್ಲಿ ಇದಕ್ಕೂ ನಿಯಮವಿದೆ. ಅಂಚಿನಲ್ಲಿ ನೇತಾಡುವ ಚೆಂಡಿಗೆ ಹತ್ತು ಸೆಕೆಂಡು ಕಾಯಬಹುದು. ಅಷ್ಟರೊಳಗೆ ಬಿದ್ದರೆ ಬಿತ್ತೆಂದೇ ಲೆಕ್ಕ. ಇದನ್ನು ಕೂಗಿ ಹೇಳಿದೆ. ಸುಲಿಯುವ ಕತ್ತಿಗಳೆಲ್ಲ ನಿಂತವು. ಖೇಣಿದಾರ ಎದ್ದು ನಿಂತು, ಕಾಳು ಅಳೆಯುವ ರಾಗದಲ್ಲಿ ಎಣಿಸತೊಡಗಿದ: ‘ಲಾಭ... ಎರಡು... ಮೂರು...’

ನಾಲ್ಕಕ್ಕೆ ಇರುವೆಯೊಂದು ಚೆಂಡಿನ ಮೇಲೆ ಹತ್ತಿತು. ಹೊರಗಿನ ಕಡೆಯಿಂದ ಹತ್ತಿತು, ದರಿದ್ರದ್ದು. ಐದಕ್ಕೆ ನೆತ್ತಿ ಮುಟ್ಟಿ ಯೋಚಿಸುತ್ತಾ ನಿಂತಿತು. ಆರಕ್ಕೆ ಒಬ್ಬಾಕೆ, ‘ಊದ್ಲೇನ್ರಿ ಮೇಷ್ಟ್ರೇ?’ ಎಂದಳು. ಊದಬಾರದು ಎಂದು ಕೈಸನ್ನೆಯಲ್ಲೇ ಬೇಡಿಕೊಂಡೆ. ಏಳಕ್ಕೆ ಇರುವೆ ಒಳಬದಿಗೆ ಇಳಿಯತೊಡಗಿತು. ಎಂಟಕ್ಕೆ ನನ್ನ ಉಸಿರು ಎಲ್ಲಿತ್ತೋ ನೆನಪಿಲ್ಲ. ಒಂಬತ್ತು ಎನ್ನುವಾಗ ಹಿಂದಿನಿಂದ ಬಂದ ನಮ್ಮಾಕೆ ತುಂಬಿದ ಕೊಡವನ್ನು ನೆಲಕ್ಕೆ ದಡ್ಡೆಂದು ಇಳಿಸಿದಳು. ಚೆಂಡು ಇರುವೆಯ ಸಮೇತ ಡಬ್ಬಿಗೆ ಬಿತ್ತು.

ಕಣವೆಲ್ಲ ಹೋ ಎಂದಿತು. ನಾನು ನೋಟ್‌ಬುಕ್ ತೆಗೆದು ‘+0.5’ ಎಂದು ಬರೆದೆ.

‘ಅದೆಂಗಾಗ್ತೈತಿ? ಸುಗ್ಗಿ ಮುಗಿಯೋತನಕ ಕಣ ನಂದು. ಅರ್ಧ ನಂದು’ ಎಂದ ಖೇಣಿದಾರ.

‘ಕೊಡ ಯಾರದು?’ ಎಂದಳು ನಮ್ಮಾಕೆ.

ಬಹಳ ಹೊತ್ತು ಚೌಕಾಸಿ ನಡೆಯಿತು. ಇರುವೆಗೆ ಪಾಲಿಲ್ಲ ಎಂಬುದೊಂದಕ್ಕೆ ಮಾತ್ರ ಮೂವರೂ ಒಪ್ಪಿದೆವು. ಕೊನೆಗೆ ನನ್ನ ಹೆಸರಿಗೆ 0.1 ಉಳಿಯಿತು.