ತರಕಾರಿ ಪರೀಕ್ಷಕರು

ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳದವರನ್ನು ತರಕಾರಿ ಪರೀಕ್ಷಕರು ಎನ್ನಬಹುದು. ಹಳೇ ಮೈಸೂರು ಸೀಮೆಯ ಊರೂರಲ್ಲೂ ಇವರಿದ್ದಾರೆ. ಬೆಂಗಳೂರಿನ ಗಾಂಧಿಬಜಾರು, ಮಲ್ಲೇಶ್ವರದ 8ನೇ ಅಡ್ಡರಸ್ತೆ, ಮೈಸೂರಿನ ದೇವರಾಜ ಮಾರುಕಟ್ಟೆಗಳಲ್ಲಿ ಬೆಳಗಿನ ಹೊತ್ತು ಹೇರಳವಾಗಿ ಕಾಣಸಿಗುತ್ತಾರೆ. ಬಹುಪಾಲು ನಿವೃತ್ತರು. ಕಚೇರಿಯಲ್ಲಿ ಜೀವಮಾನವಿಡೀ ಕಡತಗಳಲ್ಲಿ ಹುಳುಕು ಹುಡುಕಿದ ಕಣ್ಣು ಈಗ ಬದನೆಕಾಯಿಯಲ್ಲಿ ಹುಳುಕು ಹುಡುಕುತ್ತಿರುತ್ತದೆ. ಕೈಯಲ್ಲಿ ಎರಡು ಬಟ್ಟೆ ಚೀಲ: ಗಟ್ಟಿ ಕಾಯಿಗಳಿಗೆ ಒಂದು, ಟೊಮೇಟೊ ಮತ್ತು ಸೊಪ್ಪಿಗೆ ಇನ್ನೊಂದು. ಜೇಬಿನಲ್ಲಿ ಮನೆಯಾಕೆ ಬರೆದುಕೊಟ್ಟ ಚೀಟಿ. ಚೀಟಿಯಲ್ಲಿ ಬರೆದದ್ದನ್ನೇ ತರುವುದು ಮಾತ್ರ ಈ ವರ್ಗದ ಲಕ್ಷಣವಲ್ಲ.

ಕಾಯಿಗೊಂದು ಪರೀಕ್ಷೆ ಇದೆ. ಬೆಂಡೆಕಾಯಿಯ ತುದಿ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಳುಕಿದರೆ ಬಲಿತು ನಾರಾಗಿದೆ ಎಂದು ತೀರ್ಪು. ನುಗ್ಗೆಕಾಯಿಯದು ಇದಕ್ಕೆ ತದ್ವಿರುದ್ಧ: ತಿರುಚಿದರೆ ಬಳುಕಬೇಕು, ಸೆಟೆದು ನಿಂತರೆ ಬಲಿತದ್ದು. ಸೋರೆಕಾಯಿಗೆ ಉಗುರು ನಾಟಬೇಕು. ಬದನೆಯ ಸಿಪ್ಪೆ ಮಿರುಗಬೇಕು, ತೊಟ್ಟು ಹಸಿರಾಗಿರಬೇಕು, ಕೈಗೆ ಹಗುರವಾಗಿರಬೇಕು. ಭಾರವಿದ್ದರೆ ಒಳಗೆಲ್ಲ ಬೀಜ. ನವಿಲುಕೋಸು ಚಿಕ್ಕದಾಗಿದ್ದು ಎಲೆ ಬಾಡದಿರಬೇಕು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಈ ಪರೀಕ್ಷೆಗಳೆಲ್ಲ ಬಹುಮಟ್ಟಿಗೆ ಸರಿಯಾದವೇ. ತೊಂದರೆಯಿರುವುದು ಪರೀಕ್ಷೆಗೆ ಕೂರಿಸುವ ಕಾಯಿಗಳ ಸಂಖ್ಯೆಯಲ್ಲಿ. ಕಾಲು ಕೆಜಿ ಬೆಂಡೆಕಾಯಿಗಾಗಿ ಒಂದು ಗುಡ್ಡೆಯೇ ತುದಿ ಕಳೆದುಕೊಳ್ಳುತ್ತದೆ.

“ಮುರೀಬೇಡಿ ಸ್ವಾಮಿ, ಎಲ್ಲಾ ಎಳೇವೇ,” ಎನ್ನುತ್ತಾಳೆ ಮಾರುವಾಕೆ.

“ಎಳೇದಾದ್ರೆ ತಾನೇ ಕಣಮ್ಮ ಮುರಿಯೋದು? ಮುರಿದಿದ್ದೆಲ್ಲ ಒಳ್ಳೇದು ಅಂತ ನಾನೇ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತಲ್ಲ!”

“ಸರ್ಟಿಫಿಕೇಟ್ ನೀವೇ ಇಟ್ಕೊಳಿ. ಮುರಿದಿದ್ದೆಲ್ಲ ತಕ್ಕಡಿಗೆ ಹಾಕ್ತೀನಿ.”

ಹೀಗೆ ಕಾಲು ಕೆಜಿಗೆ ಹೋದವರು ಒಂದು ಕೆಜಿ ಹೊತ್ತು ತರುತ್ತಾರೆ.

ಪರೀಕ್ಷೆಯ ನಂತರದ ಘಟ್ಟ ಚೌಕಾಸಿ, ಅದರ ನಂತರದ್ದು ಕೊಸರು. ತೂಕ ಮುಗಿದ ಮೇಲೆ ನಾಲ್ಕು ಎಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ ಪುಕ್ಕಟೆಯಾಗಿ ಚೀಲಕ್ಕೆ ಬೀಳದಿದ್ದರೆ ಇವರಿಗೆ ವ್ಯಾಪಾರ ಮುಗಿದಂತೆನಿಸದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಬೆಂಗಳೂರಿನ ತುಂಬ ಮಳಿಗೆ ತೆರೆದ ಹಾಪ್‌ಕಾಮ್ಸ್ ಬಗ್ಗೆ ಇವರಿಗೆ ಗೌರವವಿದೆ, ಪ್ರೀತಿಯಿಲ್ಲ. ಅಲ್ಲಿ ದರವನ್ನು ಹಲಗೆಯ ಮೇಲೆ ಬರೆದುಬಿಟ್ಟಿರುತ್ತಾರೆ. ವಾದಕ್ಕೆ ಆಸ್ಪದವಿಲ್ಲದ ಕಡೆ ಇವರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಲಗೆಯ ದರವನ್ನು ನೆನಪಿಟ್ಟುಕೊಂಡು ಬೀದಿಯ ಗಾಡಿಯವನ ಮೇಲೆ ಪ್ರಯೋಗಿಸುತ್ತಾರೆ.

ಇವರ ಅಚ್ಚುಮೆಚ್ಚಿನ ಕಾಯಿಗಳಲ್ಲಿ ಬದನೆಗೇ ಮೊದಲ ಸ್ಥಾನ. ವಾಂಗಿಭಾತಿಗೆ ಉದ್ದನೆಯ ಹಸಿರು ಬದನೆ, ಎಣ್ಣೆಗಾಯಿಗೆ ಗೋಲಿಯಷ್ಟಲ್ಲದಿದ್ದರೂ ನಿಂಬೆಹಣ್ಣಿನಷ್ಟಿರುವ ಗುಂಡು ಬದನೆ, ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಲು ದಪ್ಪನೆಯದು ಎಂದು ವಿಂಗಡಿಸಿಯೇ ಕೊಳ್ಳುತ್ತಾರೆ. ಮೈಸೂರಿನವರಾದರೆ ಈರನಗೆರೆ ಬದನೆಯ ಮುಂದೆ ಬೇರೆ ಬದನೆಯಿಲ್ಲ. ಉಡುಪಿಯ ಕಡೆಯವರಾದರೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳದ ಹುಳಿಯೇ ಹುಳಿ. ಇಬ್ಬರು ಪರೀಕ್ಷಕರು ಎದುರುಬದುರಾದಾಗ ಈ ವಿಷಯವೆತ್ತದಿರುವುದು ಕ್ಷೇಮ. ಬದನೆ ನಂಜು ಎಂದು ನೆರೆಮನೆಯವರಿಗೆ ಉಪದೇಶಿಸುವವರೂ ಇವರೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಇವರ ಮುಂದೆ ಯಾರೂ ಆಡುವುದಿಲ್ಲ, ಹಿಂದೆ ಎಲ್ಲರೂ ಆಡುತ್ತಾರೆ.

ಡಿಸೆಂಬರ್ ಬಂತೆಂದರೆ ಬದನೆಗೆ ರಜೆ. ಆಗ ಅವರೆಕಾಯಿಯ ಕಾಲ. ಕಾಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡುವುದು ವರ್ಷದ ಬೇರಾವ ತಿಂಗಳಲ್ಲೂ ಕಾಣದ ಪರೀಕ್ಷೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಇವರ ನಂಬಿಕೆ. ಬೆರಳಿಗೆ ಸೊನೆ ಹತ್ತಿ ಪರಿಮಳ ಬಂದರೆ ಚೀಲ ತುಂಬಿದಂತೆಯೇ. ಐದು ಕೆಜಿ ಹೊತ್ತು ಮನೆಗೆ ಬಂದು, ಹಿತಕಿದ ಬೇಳೆ ಸಾರು ಆಗಲಿ ಎಂದು ಅಪ್ಪಣೆಯಾಗುತ್ತದೆ.

“ಆಗಲಿ ಅಂದ್ರೆ ಆಗತ್ತೇನ್ರೀ? ಸುಲಿಯೋರು ಯಾರು, ಹಿತುಕೋರು ಯಾರು?”

ಪ್ರಶ್ನೆ ಸರಿಯಾದದ್ದೇ. ಕಾಯಿ ಸುಲಿದು, ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೇ ಎರಡು ಬೆರಳ ನಡುವೆ ಒತ್ತಬೇಕು. ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಕೆಲವು ಮಂಚದ ಕೆಳಗೆ ಹೋಗುತ್ತವೆ. ಐದು ಕೆಜಿ ಕಾಯಿಯಲ್ಲಿ ಸಿಪ್ಪೆಯದೇ ದೊಡ್ಡ ಪಾಲು. ಪರೀಕ್ಷಕರು ಈ ಕೆಲಸಕ್ಕೆ ಪತ್ರಿಕೆ ಹಾಸಿಕೊಂಡು ಕೂತು, ಹಾಸಿದ ಪತ್ರಿಕೆಯನ್ನೇ ಓದತೊಡಗುತ್ತಾರೆ.

ಹೀರೆಕಾಯಿಯನ್ನು ಇವರು ತರುವುದು ತಿರುಳಿಗಾಗಿ, ಮನೆಯಾಕೆ ತೆಗೆದಿಡುವುದು ಸಿಪ್ಪೆಗಾಗಿ. ತಿರುಳು ತೊವ್ವೆಗೆ ಹೋಗುತ್ತದೆ, ಬಿಲ್ಲೆಗಳು ಬಜ್ಜಿಗೆ, ಸಿಪ್ಪೆ ಎಣ್ಣೆಯಲ್ಲಿ ಹುರಿದು ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಯಿತುರಿ ಜೊತೆ ಚಟ್ನಿಗೆ. ಸೋರೆ, ಸೌತೆಗಳನ್ನು ಒಂದು ಚೂರು ಬಾಯಿಗೆ ಹಾಕಿಕೊಂಡೇ ಒಲೆಗೆ ಹಾಕುವುದು ಅಡಿಗೆಮನೆಯ ಪರೀಕ್ಷೆ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ, ಬೇಯಿಸಿದರೂ ಹೋಗದು. ಬೆಂಡೆಯ ಲೋಳೆಗೂ ಅಲ್ಲೇ ಪರಿಹಾರ: ತೊಳೆದು ಒರೆಸಿದ ಮೇಲೆ ಹೆಚ್ಚಬೇಕು, ಮೊದಲು ಎಣ್ಣೆಯಲ್ಲಿ ಹುರಿದು ಆಮೇಲೆ ಹುಣಸೆಹುಳಿ ಬಿಡಬೇಕು. ಹೆಚ್ಚಿದ ಬದನೆ ಗಾಳಿ ತಾಕಿ ಕಪ್ಪಾಗದಂತೆ ಉಪ್ಪುನೀರಿಗೆ ಬೀಳಬೇಕು. ಇವೆಲ್ಲ ಮಾರುಕಟ್ಟೆಯಲ್ಲಿ ಕಲಿಯುವಂಥದ್ದಲ್ಲ.

ಆಲೂಗಡ್ಡೆ, ಟೊಮೇಟೊ, ಕೋಸು, ಕ್ಯಾರೆಟ್ಟುಗಳನ್ನು ಇವರು ಇಂಗ್ಲಿಷ್ ತರಕಾರಿ ಎಂದು ಸ್ವಲ್ಪ ದೂರವಿಡುತ್ತಾರೆ. ತಿಥಿಯ ಅಡಿಗೆಗೆ ಇವು ಬಾರವು, ನಿಜ. ಆದರೆ ಪ್ರತಿದಿನದ ಸಾರಿಗೆ ಬೀಳುವ ಮೆಣಸಿನಕಾಯಿಯೂ ಆಲೂಗಡ್ಡೆ, ಟೊಮೇಟೊಗಳಂತೆ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದೆಂದು ಹೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಸಾಮಾನ್ಯವಾಗಿ ಮೊಮ್ಮಕ್ಕಳ ಕಡೆಗೆ. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆ, ತೊಂಡೆಕಾಯಿ ತಿಂದರೆ ಬುದ್ಧಿ ಮಂದವಾಗುತ್ತದೆ ಎಂದು ಅವರಿಗೆ ಬೋಧನೆಯಾಗುತ್ತದೆ. ಇದಕ್ಕೆ ಪುರಾವೆಯಿಲ್ಲ. ತೊಂಡೆಕಾಯಿ ಪಲ್ಯಕ್ಕೆ ಎರಡನೇ ಸಲ ತಟ್ಟೆ ಒಡ್ಡುವವರು ಪರೀಕ್ಷಕರೇ.

ಊಟ ಚೆನ್ನಾದ ದಿನ ಇವರ ಅಭಿಪ್ರಾಯ ಒಂದೇ: ಕಾಯಿ ಎಳೆಯದಿತ್ತು. ಚೆನ್ನಾಗಿರದ ದಿನವೂ ಕಾಯಿ ಎಳೆಯದೇ ಇತ್ತು, ಮಾಡಿದ್ದು ಸರಿಯಾಗಲಿಲ್ಲ. ಈ ಎರಡನೆಯ ವಾಕ್ಯವನ್ನು ಗಟ್ಟಿಯಾಗಿ ಹೇಳಿದವರು ರಾತ್ರಿ ಮೊಸರನ್ನ ಉಂಡಿದ್ದಾರೆ.

ಒಟ್ಟಿನಲ್ಲಿ, ತರಕಾರಿ ಕೊಳ್ಳುವುದನ್ನು ಕಲಿಯಬೇಕಾದವರು ತರಕಾರಿ ಪರೀಕ್ಷಕರ ಹಿಂದೆ ಹೋಗಬೇಕು. ಅಡಿಗೆ ಕಲಿಯಬೇಕಾದವರು ಅವರನ್ನು ಇನ್ನೊಮ್ಮೆ ಮಾರುಕಟ್ಟೆಗೆ ಕಳಿಸಿ ಅಡಿಗೆಮನೆಗೆ ಹೋಗಬೇಕು. ಮುರಿದ ಬೆಂಡೆಕಾಯಿಯ ದುಡ್ಡನ್ನಂತೂ ತಪ್ಪದೆ ಕೊಡಬೇಕು.