ನೂರು ವರ್ಷದ ಎಂಜಲು

ಪಕ್ಕದ ಮನೆಯವರು ಉಂಡ ತಟ್ಟೆ, ಹುಣಸೆಹಣ್ಣು ಹಾಕಿ ಹತ್ತು ಸಲ ತಿಕ್ಕಿದರೂ, ನಮ್ಮ ಕಣ್ಣಿಗೆ ಎಂಜಲು ತಟ್ಟೆಯೇ. ಉಂಡವನು ಇಂಗ್ಲೆಂಡಿನವನಾಗಿದ್ದು, ಉಂಡು ನೂರು ವರ್ಷ ಕಳೆದಿದ್ದರೆ ಮಾತ್ರ ಅದು ಆಂಟಿಕ್. ನೂರು ಎಂಬುದು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ಪುರಾವಸ್ತುಗಳಿಗೆ 1972ರ ಕಾಯ್ದೆ ಎಳೆದ ಗೆರೆಯೂ ಅದೇ. ನೂರು ತುಂಬದಿದ್ದರೆ ವಿಂಟೇಜ್. ಐವತ್ತೂ ತುಂಬದಿದ್ದರೆ ಅಂಗಡಿಯವನ ಬಾಯಿಯ ಬಲ, ಕೊಳ್ಳುವವರ ಹಣೆಬರಹ.

ಮಾಲೂರಿನ ಸುತ್ತಮುತ್ತ ಹೆಂಚು, ಇಟ್ಟಿಗೆ ಸುಟ್ಟು ಬದುಕಿದ ನೆಲದಲ್ಲಿ ಈಗ ವಿಲ್ಲಾಗಳು ಏಳುತ್ತಿವೆ. ವಿಲ್ಲಾಕ್ಕೊಂದು ಡೈನಿಂಗ್ ಟೇಬಲ್, ಟೇಬಲ್ಲಿಗೆ ಎಂಟು ಕುರ್ಚಿ, ಉಣ್ಣುವವರು ಇಬ್ಬರು, ಅವರಲ್ಲೊಬ್ಬರದು ಡಯೆಟ್ಟು. ಅಂಥ ಟೇಬಲ್ಲಿನ ಮೇಲೆ ಸ್ಟೀಲ್ ತಟ್ಟೆ ಇಟ್ಟರೆ ಮಾನ ಹೋಗುತ್ತದಂತೆ. ಹಾಗಾಗಿ ಭಾನುವಾರ ಬೆಳಗ್ಗೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಸಂಡೆ ಬಜಾರಿನಲ್ಲಿ ಮೂಗು ಮುಚ್ಚಿಕೊಂಡು ಒಂದು ಸುತ್ತು ಹಾಕಿ, ಆಮೇಲೆ ಎಸಿ ಹಾಕಿದ ಅಂಗಡಿಗೆ ಹೋಗಿ ಅಂಥದ್ದೇ ತಟ್ಟೆಯನ್ನು ಹತ್ತು ಪಟ್ಟು ಕೊಟ್ಟು ತರುತ್ತಾರೆ. ಎರಡೂ ಕಡೆ ಕೇಳಿಬರುವ ಮಂತ್ರ ಒಂದೇ: ‘ಸಾರ್, ಇದು ಕೆ.ಜಿ.ಎಫ್. ಬಂಗಲೆಯ ಮಾಲು.’ 2018ರಲ್ಲಿ ಸಿನಿಮಾ ಬಂದ ಮೇಲಂತೂ ಒಡೆದ ಸಾಸರಿಗೂ ಕೆ.ಜಿ.ಎಫ್. ಗೋತ್ರ ಹತ್ತಿಕೊಂಡಿದೆ. ಹಾಗೆ ಮಾರಿಹೋದ ತಟ್ಟೆಗಳನ್ನೆಲ್ಲ ಪೇರಿಸಿದರೆ ದೊರೆಗಳು ಚಿನ್ನ ಅಗೆಯಲು ಬಂದವರಲ್ಲ, ಹೊತ್ತು ಹೊತ್ತಿಗೆ ಉಣ್ಣಲು ಬಂದವರು ಎಂದೇ ತೀರ್ಮಾನಿಸಬೇಕು.

ಸುಳ್ಳೂ ಅಲ್ಲ ಬಿಡಿ, ಉಂಡರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳಿಗೆ ಕಾಲಿಟ್ಟಿತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎದ್ದವು. ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂದು ಹೆಸರಾಯಿತು. ಬಂಗಲೆಯೊಳಗೆ ಸೂಪಿಗೊಂದು ತಟ್ಟೆ, ಮೀನಿಗೊಂದು, ಮಾಂಸಕ್ಕೊಂದು, ಬ್ರೆಡ್ಡಿಗೊಂದು. ಕೂಲಿ ಲೈನಿನ ತಟ್ಟಿ ಗುಡಿಸಲಿನಲ್ಲಿ ಎಲ್ಲದಕ್ಕೂ ಸೇರಿ ಒಂದು, ಅದೂ ಪಾಳಿ ಮುಗಿಸಿ ಬಂದವರಿಗೆ ಸರದಿಯ ಮೇಲೆ. ಪಿಂಗಾಣಿಯ ಬೆನ್ನಿಗೆ ಮುದ್ರೆ ಇರಬೇಕೆಂದು ಈಗಿನ ಗಿರಾಕಿ ಹಟ ಹಿಡಿಯುತ್ತಾನಲ್ಲ, ಗಣಿ ಕಂಪನಿಗೂ ಅದೇ ಚಾಳಿ: ಕೂಲಿಗಳ ಬೆರಳಚ್ಚು ಬೇಕೆಂದಿತು, 1930ರಲ್ಲಿ ಅದರ ಮೇಲೇ ಕೂಲಿಗಳು ಮುಷ್ಕರ ಹೂಡಿ ಗಣಿ ಬಂದ್ ಆಯಿತು. ನೂರಿಪ್ಪತ್ತು ವರ್ಷದಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ನೆಲದಿಂದ ಮೇಲೆ ಬಂತು ಎನ್ನುತ್ತಾರೆ. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದಾಗ ಊರಿನ ಪಾಲಿಗೆ ಉಳಿದದ್ದು ಸೈನೈಡ್ ಗುಡ್ಡ. ಆ ಚಿನ್ನದಲ್ಲಿ ಈಗ ನಮ್ಮ ಕಣ್ಣಿಗೆ ಬೀಳುವುದು ತಟ್ಟೆಯಂಚಿನ ಕೂದಲೆಳೆಯಷ್ಟು ಗೆರೆ. ಅದೂ ಕೋಲಾರದ್ದೇ ಎಂದು ಅಂಗಡಿಯವನು ಆಣೆ ಇಡುತ್ತಾನೆ. ಅದನ್ನು ಮಾತ್ರ ಮೈಕ್ರೋವೇವಿನಲ್ಲಿ ಇಡಬೇಡಿ. ಕಿಡಿ ಹಾರುತ್ತದೆ.

ಚಿನ್ನಕ್ಕೂ ಪಿಂಗಾಣಿಗೂ ಹಳೆಯ ನಂಟಿದೆ. ಜರ್ಮನಿಯ ಬಟ್ಗರ್ ಎಂಬ ಹುಡುಗ ತನಗೆ ಚಿನ್ನ ಮಾಡುವ ವಿದ್ಯೆ ಬರುತ್ತದೆಂದು ಬಡಾಯಿ ಕೊಚ್ಚಿದ. ಸ್ಯಾಕ್ಸನಿಯ ದೊರೆ ಆಗಸ್ಟಸ್ ಅವನನ್ನು ಹಿಡಿದು ಕೂಡಿಹಾಕಿ ‘ಮಾಡು’ ಎಂದ. ಚಿನ್ನ ಬರಲಿಲ್ಲ, ತಲೆ ಉಳಿಸಿಕೊಳ್ಳಬೇಕಲ್ಲ, 1708ರ ಹೊತ್ತಿಗೆ ಪಿಂಗಾಣಿ ಬಂತು. 1710ರಲ್ಲಿ ಮೈಸನ್ ಕಾರ್ಖಾನೆ ಶುರುವಾಯಿತು. ಅಷ್ಟಾದರೂ ದೊರೆಯ ಚಪಲ ತೀರಲಿಲ್ಲ. 1717ರಲ್ಲಿ ಚೀನಾದ 151 ಪಿಂಗಾಣಿ ಸಾಮಾನಿಗಾಗಿ ತನ್ನ 600 ಸೈನಿಕರನ್ನು ಪ್ರಷ್ಯಾದ ದೊರೆಗೆ ಕೊಟ್ಟುಬಿಟ್ಟ. ಒಂದು ಹೂಜಿಗೆ ನಾಲ್ಕು ಆಳು! ನಮ್ಮ ವಿಲ್ಲಾದ ಯಜಮಾನರು ಎಷ್ಟೋ ವಾಸಿ, ಇಎಂಐ ಕಟ್ಟುತ್ತಾರೆ.

ಆರಿಸುವ ಬಗೆ ಕೇಳುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ತಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಹಿಂದಿರುವ ಬೆರಳಿನ ನೆರಳು ಕಂಡರೆ ಪಿಂಗಾಣಿ, ಕಾಣದಿದ್ದರೆ ಬರೀ ಮೆರುಗು ಕೊಟ್ಟ ಮಣ್ಣು. ಉಗುರಿನಿಂದ ತಟ್ಟಿ, ಟಿಣ್ ಎಂದರೆ ಗಟ್ಟಿ, ಟಪ್ ಎಂದರೆ ಎಲ್ಲೋ ಬಿರುಕು. ಬೆನ್ನಿನ ಮುದ್ರೆಯಲ್ಲಿ ದೇಶದ ಹೆಸರಿದ್ದರೆ ಬಹುಮಟ್ಟಿಗೆ 1891ರ ಈಚಿನದು, ಏಕೆಂದರೆ ಆಮದು ಸಾಮಾನಿನ ಮೇಲೆ ದೇಶದ ಹೆಸರಿರಲೇಬೇಕೆಂದು ಅಮೆರಿಕ ಆಗ ಕಾನೂನು ಜಾರಿಗೆ ತಂದಿತು. ಪಕ್ಕಾ ಮೈಸೂರು ಪಿಂಗಾಣಿಯೇ ಬೇಕೆಂಬ ನಾಡಪ್ರೇಮಿಗಳು ಹಳೆಯ ಕರೆಂಟ್ ಕಂಬದ ತುದಿ ನೋಡಿ. ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆ ಹೆಸರು ಮಾಡಿದ್ದು ಇನ್ಸುಲೇಟರಿನಲ್ಲಿ. ಅದರಲ್ಲಿ ಉಣ್ಣಲು ಬರುವುದಿಲ್ಲ, ಆದರೆ ವಿಂಟೇಜ್ ಹೌದು.

ಇನ್ನು ಮಡಿಯ ಮಾತು. ಬೋನ್ ಚೈನಾ ಎಂದರೆ ಸುಟ್ಟ ಮೂಳೆಯ ಬೂದಿ ಬೆರೆಸಿದ ಪಿಂಗಾಣಿ. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಸ್ಪೋಡ್ ಮನೆತನ ಹದಗೊಳಿಸಿದ ಪಾಕ ಅದು; ಹೆಚ್ಚುಕಡಿಮೆ ಅರ್ಧಪಾಲು ಮೂಳೆ, ಅದೂ ದನದ್ದು. ಬಾಡಿಗೆದಾರರು ಮೊಟ್ಟೆ ಬೇಯಿಸಿದರೆ ಮನೆ ಖಾಲಿ ಮಾಡಿಸುವವರು, ದನದ ಮೂಳೆಯಲ್ಲಿ ಮಾಡಿದ ತಟ್ಟೆಯಲ್ಲಿ, ಅದೇ ದನದ ಮಾಂಸ ಉಂಡವರ ತಟ್ಟೆಯಲ್ಲಿ, ಏಕಾದಶಿಯ ಅವಲಕ್ಕಿ ತಿನ್ನುತ್ತಾರೆ. ಕೇಳಿದರೆ ‘ಹೆರಿಟೇಜ್’ ಎನ್ನುತ್ತಾರೆ. ನೂರು ವರ್ಷದಲ್ಲಿ ಸೂತಕ ಕಳೆಯುತ್ತದೆ ಎಂದು ಯಾವ ಪಂಚಾಂಗದಲ್ಲಿದೆಯೋ ಕಾಣೆ.

ಅದೇ ಪಿಂಗಾಣಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಬಾಳೂ ಇತ್ತು, ಅದನ್ನು ಯಾವ ಅಂಗಡಿಯವನೂ ಹೇಳಿ ಮಾರುವುದಿಲ್ಲ. ಮೇಲುಜಾತಿಯ ಮನೆಯ ಹಿತ್ತಿಲ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಕವುಚಿಟ್ಟ ಒಂದು ಪಿಂಗಾಣಿ ಬಟ್ಟಲು, ಬಾಯಿ ಮುಕ್ಕಾದದ್ದು, ಒಳಗೆ ಜೇಡನ ಬಲೆ. ಒಳಮನೆಗೆ ಕಂಚು, ಹಿತ್ತಾಳೆ, ಬೆಳ್ಳಿ. ಇದು ಕೂಲಿಗೆ ಬಂದ ಆಳಿಗೆ. ಅವನೇ ತೆಗೆದುಕೊಳ್ಳಬೇಕು, ಮೇಲಿನಿಂದ ಸುರಿದದ್ದನ್ನು ಕುಡಿಯಬೇಕು, ಅವನೇ ತೊಳೆದು ಕವುಚಿಡಬೇಕು. ಆ ಗೂಡಿನ ಬಟ್ಟಲು ಸಂಡೆ ಬಜಾರಿಗೆ ಬಂದು, ಅಲ್ಲಿಂದ ವಿಲ್ಲಾಕ್ಕೆ ಹೋಗಿ, ದ್ರಾಕ್ಷಿ ಗೋಡಂಬಿ ಹಾಕಿಸಿಕೊಂಡು ಟೇಬಲ್ಲಿನ ನಟ್ಟನಡುವೆ ಕೂತಿರಲೂಬಹುದು. ಮೊಮ್ಮಗ ಕೈ ಹಾಕಿ ತಿನ್ನುತ್ತಿದ್ದಾನೆ. ಗೂಡು ಕಟ್ಟಿಸಿದ ತಾತ ಫೋಟೋದಲ್ಲಿದ್ದಾರೆ.

ಉಣ್ಣುವ ವಿಚಾರಕ್ಕೆ ಬನ್ನಿ. ಇಂಗ್ಲಿಷ್ ಡಿನ್ನರ್ ಪ್ಲೇಟು ಸಪಾಟು. ಅದನ್ನು ಕಂಡುಹಿಡಿದವನಿಗೆ ಸಾರು ಗೊತ್ತಿರಲಿಲ್ಲ. ಬಿಸಿ ಮುದ್ದೆಯನ್ನು ನಡುವೆ ಇಟ್ಟು ಬಸ್ಸಾರು ಬಿಟ್ಟರೆ ಅದು ನೀಲಿ ಹೂವುಗಳ ಮೇಲೆ ಹರಿದು, ಚಿನ್ನದ ಗೆರೆ ದಾಟಿ, ಬಿಳಿ ಮೇಜುಬಟ್ಟೆಗೆ ಇಳಿಯುತ್ತದೆ. ಮುರಿದು, ಉರುಟಿ, ಸಾರಿನಲ್ಲಿ ಹೊರಳಿಸಿ ನುಂಗುವಷ್ಟರಲ್ಲಿ ಅರ್ಧ ಸಾರು ಬಟ್ಟೆಯ ಪಾಲು. ಮುದ್ದೆಗೆ ಒಗ್ಗುವುದು ಸೂಪ್ ತಟ್ಟೆ ಒಂದೇ. ಆದರೆ ಅದರಲ್ಲಿ ಸೂಪೇ ಕುಡಿಯಬೇಕೆಂದು ಮನೆಯೊಡತಿಯ ಅಪ್ಪಣೆ. ಸೆಟ್ಟಿನ ಜೊತೆ ಬರುವ ಗ್ರೇವಿ ಬೋಟನ್ನು ಶ್ರೀನಿವಾಸಪುರದಿಂದ ಬಂದ ಅಜ್ಜಿಯೊಬ್ಬರು ತಿರುಗಿಸಿ ಮುರುಗಿಸಿ ನೋಡಿ, ‘ಇಷ್ಟು ದೊಡ್ಡ ಒಳಲೇಲಿ ಯಾವ ಮಗೂಗಮ್ಮಾ ಹಾಲು ಕುಡಿಸ್ತಿದ್ರು?’ ಎಂದರಂತೆ. ಅದೇ ಅಜ್ಜಿಯ ಮನೆಯಲ್ಲಿ ಮೇಲರ್ಧ ಕಂದು, ಕೆಳಗೆ ಬಿಳಿ ಬಣ್ಣದ ಪಿಂಗಾಣಿ ಜಾಡಿಗಳು ವರ್ಷವರ್ಷ ಮಾವಿನ ಉಪ್ಪಿನಕಾಯಿಯ ಉಪ್ಪು ಹುಳಿ ಎಲ್ಲ ತಡೆದುಕೊಂಡು ನಿಂತಿವೆ. ಮೊಮ್ಮಗಳು ಅದರಲ್ಲೊಂದನ್ನು ಎತ್ತಿಕೊಂಡು ಹೋಗಿ ಮನಿಪ್ಲಾಂಟ್ ಹಾಕಿದಳು. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಬಂತು. ಮುಳಬಾಗಿಲಿನ ದೋಸೆ ಮಾತ್ರ ಈ ತಟ್ಟೆಯ ತಾಪತ್ರಯದಿಂದ ಪಾರು. ಕೈಯಿಂದ ಬಾಯಿಗೆ ಹೋಗುವ ಅವಸರದಲ್ಲಿ ಕೆಳಗೆ ತಟ್ಟೆಯಿದೆಯೋ ಎಲೆಯಿದೆಯೋ ಯಾರೂ ನೋಡುವುದಿಲ್ಲ.

ಅಷ್ಟರಲ್ಲಿ ಯಾರೋ ಓದಿಕೊಂಡು ಬರುತ್ತಾರೆ: ಹಳೆಯ ಪಿಂಗಾಣಿಯ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರುವುದುಂಟು, ಹುಳಿ ತಗುಲಿದರೆ ಊಟಕ್ಕೆ ಇಳಿಯುತ್ತದೆ. ಮಾತು ನಿಜ. ಹೊಸ ತಟ್ಟೆಯ ಮೇಲೆ ‘ಸೀಸವಿಲ್ಲ’ ಎಂದು ಬರೆದು ಮಾರುವುದು ಅದಕ್ಕೇ. ಆದರೆ ಟೊಮೆಟೊ ಮಂಡಿಗೆ ದೇಶಕ್ಕೆಲ್ಲ ಹೆಸರಾದ ಕೋಲಾರದಲ್ಲಿ ಹುಳಿಯಿಲ್ಲದ ಊಟ ಯಾವುದು? ವಿಲ್ಲಾದಲ್ಲಿ ತುರ್ತು ಸಭೆ. ಆಚೆ ಹಳ್ಳಿಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲಿಗೆ ಹಳದಿ ಕಲೆ ಹತ್ತಿದಾಗ ಇಂಥ ಸಭೆ ಸೇರಿದ್ದು ಕಾಣೆ. ತಟ್ಟೆಗೆ ಹತ್ತಿದ ಹಳದಿ ಕಲೆಯಾದರೆ ಅದಕ್ಕೆ ಬೆಲೆ ಹೆಚ್ಚು, ಕಾಲದ ಸೊಬಗು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನವರು ಬಳಸಿದ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ನಾವು ಅವರಿಗೆ ದೊರೆಗಳು ಬಳಸಿದ ತಟ್ಟೆ ಕೊಡುತ್ತಿದ್ದೇವೆ. ವ್ಯವಹಾರ ಚುಕ್ತಾ.

ಸಭೆಯ ತೀರ್ಮಾನ: ಬಾಳೆಯೆಲೆಯನ್ನು ತಟ್ಟೆಯಗಲಕ್ಕೆ ದುಂಡಗೆ ಕತ್ತರಿಸಿ ಮೇಲೆ ಹಾಸುವುದು. ಸೀಸವೂ ಇಳಿಯುವುದಿಲ್ಲ, ಮಡಿಗೂ ಧಕ್ಕೆಯಿಲ್ಲ, ಫೋಟೋದಲ್ಲಿ ಚಿನ್ನದ ಅಂಚೂ ಕಾಣುತ್ತದೆ. ಮುಳಬಾಗಿಲಿನ ಹೋಟೆಲಿನಲ್ಲಿ ಪುಕ್ಕಟೆ ಸಿಗುವ ಎಲೆಯ ಕೆಳಗೆ ನಲವತ್ತು ಸಾವಿರದ ಸೆಟ್ಟು. ಹಾಗಿದ್ದರೂ ಎಲೆಯ ಸಂದಿನಿಂದ ಸಾರು ಇಳಿಯುತ್ತದೆ, ತಟ್ಟೆ ತೊಳೆಯಲೇಬೇಕು. ಕೆಲಸದ ಹೆಂಗಸಿಗೆ ಕೊಡುವಂತಿಲ್ಲ. ಒಂದು ಒಡೆದರೆ ಅವಳ ವರ್ಷದ ಸಂಬಳ ಹಿಡಿದರೂ ಜೋಡಿ ಸಿಗುವುದಿಲ್ಲ. ಹಾಗಾಗಿ ಮನೆಯೊಡತಿಯೇ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಮುಂದೆ ನಿಲ್ಲುತ್ತಾರೆ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಒಂದೊಂದೇ ತಟ್ಟೆ. ಕೆಲಸದಾಕೆ ಬಾಗಿಲಿಗೆ ಒರಗಿ, ಅಡಕೆ ಅಗಿಯುತ್ತ ಮೇಲ್ವಿಚಾರಣೆ ಮಾಡುತ್ತಾಳೆ.

‘ಅಕ್ಕೋ, ಅಂಚಿನಾಗೆ ಸಾರು ಹಂಗೇ ಐತೆ. ಇನ್ನೊಂದ್ಸಲ ತಿಕ್ಕಿ.’