ಹಿಂಗ್ಯಾಕ ಕಾಕಾ

ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ, ಯರಗಟ್ಟಿ ಇನ್ನೇನು ಬಂತೆನ್ನುವಾಗ ಬಸ್ಸು ಕೆಟ್ಟು ನಿಂತಿತೆನ್ನಿ. ಮಂದಿ ಗೊಣಗುತ್ತ ನೆರಳು ಹುಡುಕುತ್ತಾರೆ. ಒಬ್ಬ ಮಾತ್ರ ಧೋತರ ಎತ್ತಿ ಕಟ್ಟಿ, ಡ್ರೈವರನ ಬಗಲಲ್ಲಿ ನಿಂತು ಎಂಜಿನ್ನಿನೊಳಗೆ ಇಣುಕುತ್ತಾನೆ: 'ಹಿಂಗ್ಯಾಕ ಆತ್ರೀ ಇದು?'

ಇಂಥವನು ಎರೆಸೀಮೆಯ ಊರಿಗೊಬ್ಬ ಇದ್ದೇ ಇರುತ್ತಾನೆ. ಅವನ ಹೆಸರು ರೇಷನ್ ಕಾರ್ಡಿಗಷ್ಟೇ; ಊರ ಬಾಯಲ್ಲಿ ಅವನು ಹಿಂಗ್ಯಾಕ ಕಾಕಾ.

ಸವದತ್ತಿಯಿಂದ ಬೇರೆಯಾಗಿ ಯರಗಟ್ಟಿಯೇ ತಾಲೂಕಾದಾಗ, ಯಾವ ಕಾಗದ ಇಲ್ಲಿ, ಯಾವುದು ಅಲ್ಲಿ ಎಂದು ಎಲ್ಲರೂ ತಲೆ ಕೆರೆದುಕೊಂಡರು. ಕಾಕಾ ತನ್ನದೇನೂ ಕೆಲಸವಿಲ್ಲದಿದ್ದರೂ ಟೇಬಲಿನಿಂದ ಟೇಬಲಿಗೆ ತಿರುಗಿ ಕೇಳಿಕೊಂಡು ಬಂದ. ಆಮೇಲೆ ಊರವರು ಅವನನ್ನೇ ಕೇಳತೊಡಗಿದರು.

2018ರಲ್ಲಿ ಶಿವಮೊಗ್ಗದ ಕಡೆ ಗೋವಿನಜೋಳದಲ್ಲಿ ಕಂಡ ಅಮೆರಿಕ ಮೂಲದ ಸೈನಿಕ ಹುಳು ನೋಡನೋಡುತ್ತ ರಾಜ್ಯವನ್ನೆಲ್ಲ ಹಬ್ಬಿತು. ಊರು ತಲೆ ಮೇಲೆ ಕೈಹೊತ್ತು ಕೂತರೆ ಕಾಕಾ ಒಂದು ಹುಳುವನ್ನು ಕಡ್ಡಿಪೆಟ್ಟಿಗೆಗೆ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ನಡೆದ. ಹಣೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ', ಬಾಲದ ಹತ್ತಿರ ಚೌಕಾಗಿ ನಾಲ್ಕು ಕರಿ ಚುಕ್ಕಿ: ಗುರುತು ತಿಳಿಯಿತು. ಸಂಜೆ ಕಟ್ಟೆಯ ಮೇಲೆ ಪೆಟ್ಟಿಗೆ ತೆರೆದು, ಹೊಸ ಅಳಿಯನನ್ನು ಪರಿಚಯಿಸುವಂತೆ ಎಲ್ಲರಿಗೂ ತೋರಿಸಿದ. ತೌಡಿಗೆ ಬೆಲ್ಲದ ನೀರು ಕಲಸಿ, ಒಂದು ದಿನ ಹುಳಿಸಿ, ಔಷಧ ಬೆರೆಸಿ ಸುಳಿಸುಳಿಗೂ ಹಾಕಿದ. ಬೆಳೆ ಅರ್ಧವೇ ಉಳಿಯಿತು. 'ಉಳಿದರ್ಧ ಹಿಂಗ್ಯಾಕ ಹೋತು?' ಎಂದು ಮತ್ತೆ ಕೇಂದ್ರದ ಬಾಗಿಲಿಗೆ ಹಾಜರ್.

'ಭಾಳ ಧೈರ್ಯವಂತ್ರು ಬಿಡ್ರಿ' ಎಂದರೆ ಅವನ ಹೆಂಡತಿ ಕಾಕು ನಗುತ್ತಾಳೆ: 'ಎಲ್ಲೀ ಧೈರ್ಯ? ಕೇಳೂ ಗದ್ದಲದಾಗ ಅಂಜೂದ ಮರೀತಾರ.'

ಈಚೆಗೆ ಡಾಕ್ಟರು 'ಶುಗರ್ ಐತಿ' ಎಂದಾಗ ಮಗನ ಮುಖ ಇಳಿಯಿತು, ಕಾಕಾನದು ಅರಳಿತು. ಬೆರಳು ಚುಚ್ಚಿ ನೋಡುವ ಮಷಿನ್ ಮನೆಗೆ ಬಂತು. ರೊಟ್ಟಿ ಉಂಡ ಎರಡು ತಾಸಿಗೆ ಎಷ್ಟು, ಅನ್ನ ಉಂಡ ಎರಡು ತಾಸಿಗೆ ಎಷ್ಟು, ಎಲ್ಲವೂ ಕ್ಯಾಲೆಂಡರಿನ ತಿಥಿ–ನಕ್ಷತ್ರದ ಪಕ್ಕದಲ್ಲೇ ದಾಖಲು.

ಕಾರಹುಣ್ಣಿಮೆ ಬಂತು.

'ಹೋಳಿಗಿ ತಿಂದ್ರ ಎಷ್ಟ ಏರತೈತಿ, ಅದನ್ನೂ ನೋಡಬೇಕಲ್ಲ?'

ಕಾಕು ಅರ್ಧ ಹೋಳಿಗೆ ನೀಡಿದಳು.

'ಅರ್ಧದಾಗ ಏನ ತಿಳೀತೈತಿ?'

'ಖರೇ ಅಂದ್ರಿ. ಹೋಳಿಗಿ ಮುಟ್ಟದಿದ್ರ ಎಷ್ಟ ಇಳೀತೈತಿ, ಮೊದಲ ಅದನ್ನ ನೋಡೂಣು' ಎಂದು ಕಾಕು ಆ ಅರ್ಧವನ್ನೂ ಎತ್ತಿಕೊಂಡಳು.